ಏಳೂವರೆಯ ಹಾಜರಿ

ಫೆಬ್ರವರಿಯ ಬೆಳಿಗ್ಗೆ, ಗಂಟೆ ಏಳು ಇಪ್ಪತ್ತು. ಆಲ್ದೂರಿನಿಂದ ಒಳಕ್ಕೆ ಹೊರಳಿದ ಮಣ್ಣುದಾರಿ ಮುಗಿಯುವಲ್ಲಿ ಕಾಫಿ ತೋಟದ ಆಫೀಸು. ಅದರ ಅಂಗಳದಲ್ಲಿ ನೀವು ನಿಂತಿದ್ದೀರಿ. ಸಿಲ್ವರ್ ಓಕ್ ಮರಗಳ ನೆತ್ತಿಯಿಂದ ಮಂಜು ಇನ್ನೂ ಕರಗಿಲ್ಲ. ಕೂಲಿಯವರ ಲೈನ್ ಮನೆಗಳ ಕಡೆಯಿಂದ ಹೆಂಗಸರು ಬರುತ್ತಿದ್ದಾರೆ: ಸೀರೆಯ ಮೇಲೆ ಗಂಡಸರ ಹಳೇ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ವಸ್ತ್ರ, ಸೊಂಟದಲ್ಲಿ ಹಣ್ಣು ಕೊಯ್ಯುವ ಚೀಲ. ಕೆಳಗಿನ ಗೇಟಿನ ಹತ್ತಿರ ಪಿಕಪ್ ಗಾಡಿಯೊಂದು ಏರು ಹತ್ತಿ ಬಂದು ನಿಂತಿತು. ಹಿಂದಿನ ಕಂಬಿ ಹಿಡಿದು ನಿಂತೇ ಬಂದವರು ಒಬ್ಬೊಬ್ಬರಾಗಿ ಧುಮುಕುತ್ತಾರೆ. ಇವರು ಗುತ್ತಿಗೆದಾರ ಕರೆತಂದ ಪೇಟೆ ಆಳುಗಳು. ರೈಟರು ಹಾಜರಿ ಪುಸ್ತಕ ತೆರೆದಿದ್ದಾರೆ. ಅದರಲ್ಲಿ ಲೈನಿನವರ ಹೆಸರುಗಳಿವೆ. ಪಿಕಪ್ಪಿನವರದು ಬರೀ ಲೆಕ್ಕ: ಹೆಣ್ಣಾಳು ಇಷ್ಟು, ಗಂಡಾಳು ಇಷ್ಟು.

ನಿಮ್ಮ ಪಕ್ಕದಲ್ಲಿರುವ ಸೇಫ್ಟಿ ಆಫೀಸರ್ ಮೇಡಂ ಅದನ್ನೇ ನೋಡುತ್ತಿದ್ದಾರೆ.

"ರೈಟ್ರೇ, ಇವರ ಹೆಸರು?"

"ಅದು ಗುತ್ತಿಗೆಯವನ ಹತ್ರ ಇರ್ತದೆ ಮೇಡಂ."

"ಗಾಡಿ ಮಗುಚಿದ್ರೆ ನಾವು ಯಾರ ಮನೆಗೆ ಫೋನ್ ಮಾಡೋದು?"

ರೈಟರು ಮಾತಾಡದೆ ಪೆನ್ನು ಎತ್ತಿಕೊಂಡರು. ಹೆಸರು, ಊರು, ಮನೆಯವರ ಫೋನ್ ನಂಬರು ಬರೆಯುವಷ್ಟರಲ್ಲಿ ಏಳೂವರೆಯ ಗಂಟೆ ಹೊಡೆದು ಹೋಯಿತು. ಮೇಸ್ತ್ರಿಗೆ ಚಡಪಡಿಕೆ. ಹಣ್ಣು ಗಿಡದಲ್ಲೇ ಒಣಗುತ್ತಿದೆ, ಆಳುಗಳು ಅಂಗಳದಲ್ಲಿ ನಿಂತಿದ್ದಾರೆ. ಆದರೆ ಈ ಹತ್ತು ನಿಮಿಷ ಬೇಕು.

ಇವತ್ತು ಮೇಡಂ ಜೊತೆ ನೀವು ಮೂರು ತೋಟ ನೋಡಲಿದ್ದೀರಿ: ಇದು, ಮೂಡಿಗೆರೆ ಕಡೆಯದೊಂದು, ಕಳಸದ ಮೇಲಿನದೊಂದು. ಮೂರಕ್ಕೂ ಕಂಪನಿ ಒಂದೇ, ಮೇಡಂ ಚೀಲದಲ್ಲಿರುವ ಕೈಪಿಡಿಯೂ ಒಂದೇ. ಬೆಂಗಳೂರಿನ ಹೆಡ್ಡಾಫೀಸಿನಲ್ಲಿ ತಯಾರಾದದ್ದು, 2018ರ ಮಾರ್ಚಿನಲ್ಲಿ ಬಂದ ಐಎಸ್‌ಒ 45001 ಎಂಬ ಅಂತರರಾಷ್ಟ್ರೀಯ ಮಾನದಂಡದ ಜಾಡಿನಲ್ಲಿ ಬರೆದದ್ದು. ಸಾರ ಸರಳ. ಅಪಾಯ ಎಲ್ಲಿದೆಯೆಂದು ಮೊದಲೇ ಗುರುತಿಸು. ತೆಗೆಯಲು ಆಗುವುದನ್ನು ತೆಗೆ, ಆಗದ್ದಕ್ಕೆ ತಡೆ ಹಾಕು. ಆದ ಅವಘಡದ ಜೊತೆಗೆ ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆದಿಡು. ಕೆಲಸ ಮಾಡುವವರನ್ನೇ ಕೇಳು.

ಈ ಬೆಟ್ಟಗಳಲ್ಲಿ ಅಂಥ ಒಂದು ಪುಸ್ತಕ ಯಾಕೆ ಬೇಕಾಯಿತು ಎಂಬುದಕ್ಕೆ ಚಿಕ್ಕಮಗಳೂರಿನ ಯಾವುದಾದರೂ ಕಾಫಿ ಕ್ಯೂರಿಂಗ್ ವರ್ಕ್ಸ್ ನೆನಪಿಸಿಕೊಳ್ಳಿ. ಅಲ್ಲಿನ ಯಂತ್ರಗಳಿಗೆ ಅನ್ವಯಿಸುತ್ತಿದ್ದುದು 1948ರ ಫ್ಯಾಕ್ಟರಿ ಕಾಯ್ದೆ: ಬೆಲ್ಟಿಗೆ ಕವಚ ಇರಬೇಕು, ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ಕೇಳುತ್ತಾರೆ. ಅದೇ ಕಾಫಿಯನ್ನು ಬೆಳೆದು ಕೊಯ್ದ ತೋಟಕ್ಕೆ ಇದ್ದದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಕುಡಿಯುವ ನೀರು, ಶೌಚಾಲಯ, ಮನೆ, ಔಷಧೋಪಚಾರ, 50 ಅಥವಾ ಅದಕ್ಕೂ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಮನೆ, ಮಳೆಗೆ ಚಳಿಗೆ ಕೊಡೆ, ಕಂಬಳಿ, ರೇನ್‌ಕೋಟು. ಆ ಕಾಲಕ್ಕೆ ಅದು ದೊಡ್ಡ ಮಾತು, ಇವತ್ತಿಗೂ ಎಷ್ಟೋ ಲೈನುಗಳಿಗೆ ದೊಡ್ಡ ಮಾತೇ. ಆದರೆ ಆ ಕಾಯ್ದೆಯಲ್ಲಿ ಏಣಿಯ ಹೆಸರಿರಲಿಲ್ಲ. ಔಷಧಿ ಹೊಡೆಯುವವರ ಸುರಕ್ಷತೆಗೆಂದು ಪ್ರತ್ಯೇಕ ಅಧ್ಯಾಯ ಸೇರಿದ್ದು 2010ರ ತಿದ್ದುಪಡಿಯಲ್ಲಿ. ತೋಟದ ಬೇಲಿಯೊಳಗೇ ಇದ್ದರೂ ಫ್ಯಾಕ್ಟರಿ ಕಾಯ್ದೆಗೆ ಒಳಪಟ್ಟ ಕಟ್ಟಡವನ್ನು ಈ ಕಾಯ್ದೆ ತೋಟವೆಂದು ಎಣಿಸುತ್ತಿರಲಿಲ್ಲ. ಹೀಗೆ ಒಂದೇ ಕಂಪನಿಯ ಇಬ್ಬರು ಆಳುಗಳ ಕೈಬೆರಳಿಗೆ ಎರಡು ಕಾನೂನು.

2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 13 ಕಾಯ್ದೆಗಳನ್ನು ಒಂದುಗೂಡಿಸಿತು. ಈ ಎರಡೂ ಅದರಲ್ಲಿ ಸೇರಿಹೋದವು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕಂಪನಿಗಳೂ ಒಂದುಗೂಡುತ್ತಿವೆ: ಕೊಡಗು, ಚಿಕ್ಕಮಗಳೂರು, ಹಾಸನ, ಆನಮಲೆಗಳಲ್ಲಿ ತೋಟಗಳಿದ್ದ ಟಾಟಾ ಕಾಫಿ 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಹೀಗೆ ಹಬ್ಬಿದ ವ್ಯವಹಾರದಲ್ಲಿ ಪ್ರತಿ ತೋಟದ ಮ್ಯಾನೇಜರ್ ತನಗೆ ತೋಚಿದ ಹಾಗೆ ಸುರಕ್ಷತೆ ನೋಡಿಕೊಳ್ಳುತ್ತೇನೆಂದರೆ ನಡೆಯುವುದಿಲ್ಲ. ಒಂದೇ ನಿಯಮ ಬೇಕೇ ಬೇಕು. ಅದು ಅಂಗಳದಲ್ಲಿ ನಿಂತ ಕೊನೆಯ ಸಾಲಿನ ಕಿವಿಗೆ ಬೀಳುತ್ತದೆಯೇ ಎಂಬುದನ್ನು ಈಗ ನೀವೇ ನೋಡಿ.

ಮೇಸ್ತ್ರಿ ಕೈಪಿಡಿಯ ಇವತ್ತಿನ ಪುಟ ಓದುತ್ತಿದ್ದಾರೆ. ಒಳ್ಳೆಯ ಗಂಟಲು, ಒಳ್ಳೆಯ ಕನ್ನಡ. ಮುಂದಿನ ಸಾಲು ತಲೆದೂಗುತ್ತಿದೆ. ಹಿಂದಿನ ಸಾಲಿನಲ್ಲಿ ನಿಂತವರು ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರು. ಅವರೂ ತಲೆದೂಗುತ್ತಿದ್ದಾರೆ. ಮೇಡಂ ನಡುವೆ ಕೈ ಎತ್ತಿ, ಹಿಂದಿನ ಸಾಲಿನ ಹುಡುಗನೊಬ್ಬನನ್ನು ಹಿಂದಿಯಲ್ಲಿ ಕೇಳಿದರು: ಈಗ ಮೇಸ್ತ್ರಿ ಏನು ಹೇಳಿದರು? ಹುಡುಗ ನಕ್ಕ, ಉತ್ತರ ಬರಲಿಲ್ಲ. ಹಿಂದಿನ ಸೀಸನ್‌ಗಳಿಂದ ಇಲ್ಲೇ ಇರುವ ಅಸ್ಸಾಮಿನವನೊಬ್ಬ ಮುಂದೆ ಬಂದು ಅವರ ಮಾತಿನಲ್ಲಿ ಹೇಳಿದ. ಆಮೇಲೆ ಅದೇ ಹುಡುಗನಿಂದ ತಿರುಗಿ ಹೇಳಿಸಿದರು. ಕೈಪಿಡಿಯಲ್ಲಿ ಮೇಡಂ ಪೆನ್ಸಿಲಿನಲ್ಲಿ ಸೇರಿಸಿದ್ದನ್ನು ನೀವು ಇಣುಕಿ ಓದುತ್ತೀರಿ: ಓದಿದರೆ ಸಾಲದು, ಕೇಳಿದವರಿಂದ ಹೇಳಿಸಬೇಕು.

ಇವತ್ತಿನ ಪುಟ ಉಣ್ಣೆಯದು. ಡಿಸೆಂಬರಿನಿಂದ ಮೇವರೆಗೆ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ, ಕಾಫಿ ಮತ್ತು ಮೆಣಸಿನ ಕೊಯ್ಲಿಗೂ ಬಹುಪಾಲು ಅದೇ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ತೋಟದ ಕೂಲಿಯವರನ್ನೂ ಹಿಡಿದಿದೆ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯ ಬಾಟಲಿ ಕೈಯಿಂದ ಕೈಗೆ ದಾಟುತ್ತಿದೆ. ಕಾಲಿಗೆ, ಕೈಗೆ, ಕುತ್ತಿಗೆಗೆ ಹಚ್ಚಿಕೊಳ್ಳಬೇಕು, ಸಂಜೆ ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಬೇಕು. "ಬಿಸಿನೀರಿಗೆ ಸೌದೆ?" ಎಂದು ಒಬ್ಬ ಅಕ್ಕ ಕೇಳಿದಳು. ನಿಯಮಗಳು ಗೆಲ್ಲುವುದು ಸೋಲುವುದು ಇಂಥ ಪ್ರಶ್ನೆಯ ಎದುರಿನಲ್ಲೇ. ನೆರಳು ಕಡಿದ ಮರಗಸಿಯ ಕೊಂಬೆಗಳನ್ನು ಲೈನಿಗೆ ಹಾಕಿಸಿ ಎಂದು ಮೇಡಂ ರೈಟರಿಗೆ ಹೇಳಿದ್ದನ್ನು ಕೇಳಿಸಿಕೊಂಡು ನೀವು ಜೀಪು ಹತ್ತುತ್ತೀರಿ.

ಮೂಡಿಗೆರೆ ದಾಟುವ ಹೊತ್ತಿಗೆ ಮೇಡಂ ಫೋನಿನಲ್ಲಿ ವಾಟ್ಸಾಪ್ ಸಂದೇಶ: ಆನೆ ಇಂಥ ತೋಟದ ಕೆರೆಯ ಹತ್ತಿರ ಇದೆ, ಯಾರೂ ಆ ಬದಿ ಹೋಗಬೇಡಿ. 2022ರ ನವೆಂಬರಿನಲ್ಲಿ ಈ ತಾಲ್ಲೂಕಿನ ಹುಲ್ಲೆಮನೆಯಲ್ಲಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ ಜನರ ಸಿಟ್ಟು ಆಗಿನ ಶಾಸಕ ಎಂ.ಪಿ. ಕುಮಾರಸ್ವಾಮಿ ಅವರ ಬಟ್ಟೆ ಹರಿಯುವವರೆಗೂ ಹೋಗಿತ್ತು. ಆಮೇಲೆ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಬಂತು. ಎಚ್ಚರಿಕೆ ಈಗ ಬೇಗ ತಲುಪುತ್ತದೆ. ಆನೆ ಇದೆಯೆಂದು ಕೆಲಸ ನಿಲ್ಲಿಸಿದ ದಿನದ ಕೂಲಿಯ ವಿಷಯ ಮಾತ್ರ ಬೇರೆ. ಈ ಕಂಪನಿಯ ಒಂದು ತೋಟ ಆ ದಿನ ಪೂರ್ತಿ ಹಾಜರಿ ಕೊಡುತ್ತಿತ್ತು, ಮತ್ತೊಂದು ಕೊಯ್ದ ಕಿಲೋಗಷ್ಟೇ ದುಡ್ಡು ಕೊಡುತ್ತಿತ್ತು. ಎರಡನೆಯ ತೋಟದವರು ಆನೆ ದೂರ ಹೋಯಿತಂತೆ ಎನ್ನುವ ಮಾತನ್ನು ಬೇಗ ನಂಬುತ್ತಿದ್ದರು. ಈಗ ಎಲ್ಲ ತೋಟದಲ್ಲೂ ಪೂರ್ತಿ ಹಾಜರಿ. ನನ್ನನ್ನು ಕೇಳಿದರೆ, ಆ ಕೈಪಿಡಿಯಲ್ಲಿ ಅತ್ಯಂತ ಹೆಚ್ಚು ಜೀವ ಉಳಿಸುವ ಸಾಲುಗಳಲ್ಲಿ ಇದೊಂದು. ಅದು ಕೂಲಿ ಲೆಕ್ಕದ ಪುಟದಲ್ಲಿದೆ.

ಮೂಡಿಗೆರೆ ಕಡೆಯ ತೋಟದ ಒಳದಾರಿಯಲ್ಲಿ ಇಳಿದು ನಡೆಯುತ್ತೀರಿ. ಇಲ್ಲಿ ಮೆಣಸು ಕೊಯ್ಲು. ನೆರಳಿನ ಮರಗಳ ಕಾಂಡಕ್ಕೆ ಬಳ್ಳಿ ಮೂವತ್ತು ಅಡಿಯವರೆಗೂ ಹಬ್ಬಿದೆ. ಮರಕ್ಕೊಂದು ಏಣಿ ಒರಗಿದೆ, ಮೇಲೆ ಒಬ್ಬ, ಸೊಂಟದಲ್ಲಿ ಚೀಲ, ಕೆಳಗೆ ಏಣಿ ಹಿಡಿದವನೊಬ್ಬ. ಹಸಿಮೆಣಸಿನ ಘಾಟು ಮೂಗಿಗೆ ಹೊಡೆಯುತ್ತದೆ. ಎದುರಿನ ಇಳಿಜಾರಿನಲ್ಲಿ ಇಬ್ಬರು ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೊರಟರು. ಅಲ್ಯೂಮಿನಿಯಂ ಏಣಿ, ಇಪ್ಪತ್ತು ಅಡಿ ಮೀರಿದ್ದು. ಅದನ್ನು ಮಲಗಿಸಿ, ಕಾಫಿ ಗಿಡಗಳ ನಡುವೆ ತಿರುಗಿಸಿ, ಮತ್ತೆ ಎಬ್ಬಿಸುವ ಬದಲು ನಿಂತ ಹಾಗೇ ಎತ್ತಿ ಹೊತ್ತಿದ್ದಾರೆ. ತುದಿ ಎಲೆಗಳ ನಡುವೆ ಓಲಾಡುತ್ತಿದೆ.

"ಮಲಗ್ಸಿ! ಏಣಿ ಮಲಗ್ಸಿ!"

ಮೇಡಂ ಕೂಗಿಗೆ ನಿಮ್ಮ ಎದೆ ಧಸಕ್ಕೆಂದಿತು. ಇಬ್ಬರೂ ನಿಂತರು. ನೀವು ತಲೆಯೆತ್ತಿ ನೋಡುತ್ತೀರಿ. ಮೊದಲು ಎಲೆ, ಆಮೇಲೆ ಆಕಾಶದ ತುಣುಕು, ಆಮೇಲೆ ಮೂರು ತಂತಿ. ಹನ್ನೊಂದು ಕಿಲೋವೋಲ್ಟಿನ ಲೈನು ಈ ಇಳಿಜಾರಿನ ಅಡ್ಡಕ್ಕೆ ಹಾದುಹೋಗಿದೆ. ನೋಡುವವರೆಗೂ ಕಾಣದು. ನೆರಳಿನಲ್ಲಿ ಕೆಲಸ ಮಾಡುವವನ ಕಣ್ಣು ಬಳ್ಳಿಯ ಮೇಲಿರುತ್ತದೆ, ಆಕಾಶದ ಮೇಲಲ್ಲ.

ಲೆಕ್ಕ ಹೀಗಿದೆ. ರಸ್ತೆಯಲ್ಲದ ಜಾಗದಲ್ಲಿ ಹನ್ನೊಂದು ಕಿಲೋವೋಲ್ಟ್‌ವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರ ಇರಬೇಕೆಂದು ನಿಯಮ. ಅಂದರೆ ಹದಿನೈದು ಅಡಿ. ಇಪ್ಪತ್ತು ಅಡಿಯ ಏಣಿ ನೆಟ್ಟಗೆ ನಿಂತರೆ ಆರು ಮೀಟರ್. ತಂತಿ ನಿಯಮದ ಪ್ರಕಾರವೇ ಇದ್ದರೂ ಏಣಿ ಅದನ್ನು ದಾಟುತ್ತದೆ. ಇಳಿಜಾರಿನಲ್ಲಿ ಮೇಲ್ಬದಿಯ ನೆಲ ತಂತಿಗೆ ಇನ್ನೂ ಹತ್ತಿರ. ಬೇಸಿಗೆಯಲ್ಲಿ ತಂತಿ ಜೋತುಬೀಳುತ್ತದೆ. ಸೋಕಿದರೆ ಸಾಕು, ಏಣಿ ಹಿಡಿದ ಇಬ್ಬರಿಗೂ ಒಂದೇ ಗತಿ. ಕೊಡಗು, ಹಾಸನ, ಚಿಕ್ಕಮಗಳೂರಿನ ಪತ್ರಿಕೆ ಓದುವವರಿಗೆ ಈ ಸುದ್ದಿ ಹೊಸತಲ್ಲ. ಮರಗಸಿ ಮತ್ತು ಮೆಣಸು ಕೊಯ್ಲಿನ ಕಾಲದಲ್ಲಿ ಒಳಪುಟದ ಎರಡು ಕಾಲಮ್ಮಿನಲ್ಲಿ ಅದು ಮತ್ತೆ ಮತ್ತೆ ಬರುತ್ತದೆ: ಏಣಿ ತಂತಿಗೆ ತಗುಲಿ ಕಾರ್ಮಿಕ ಸಾವು. ಇದು ದೈವಗತಿಯಲ್ಲ. ಮೀಟರಿನಲ್ಲಿ ಅಳೆದು ಹೇಳಬಹುದಾದ, ಆದ್ದರಿಂದಲೇ ತಪ್ಪಿಸಬಹುದಾದ ಸಾವು.

"ಫೈಬರ್ ಏಣಿ ಕೊಟ್ಟಿದ್ದೀವಲ್ಲ, ಎಲ್ಲಿ?" ಮೇಡಂ ಕೇಳಿದರು.

"ಶೆಡ್ಡಲ್ಲಿದೆ. ಅದು ಭಾರ ಮೇಡಂ," ಎಂದ ಹಿರಿಯವ. "ಈ ಇಳಿಜಾರಲ್ಲಿ ಅದನ್ನ ಹೊತ್ರೆ ಮಧ್ಯಾಹ್ನಕ್ಕೇ ಸೊಂಟ ಬೀಳ್ತದೆ. ಕೆ.ಜಿ. ಲೆಕ್ಕದಲ್ಲಿ ಕೊಯ್ಯೋದು ನಾವು. ಎಂತ ಮಾಡದು?"

ಅವನು ಹೇಳಿದ್ದು ನಿಜ. ಫೈಬರ್ ಗ್ಲಾಸಿನ ಏಣಿ ಅಲ್ಯೂಮಿನಿಯಂಗಿಂತ ಭಾರ, ಬೆಲೆಯೂ ಜಾಸ್ತಿ. ಬಿದಿರಿನದು ಹಗುರ, ಆದರೆ ಒದ್ದೆಯಾದರೆ ಬಿದಿರೂ ವಿದ್ಯುತ್ ಹರಿಸುತ್ತದೆ. ಕೈಪಿಡಿ "ಅಲ್ಯೂಮಿನಿಯಂ ಏಣಿ ನಿಷೇಧ" ಎಂದು ಒಂದೇ ಸಾಲು ಬರೆದು ಮುಗಿಸಿತ್ತು. ಮೇಡಂ ಬಯ್ಯಲಿಲ್ಲ, ಕಲ್ಲಿನ ಮೇಲೆ ಕೂತು ಆಲ್ದೂರಿನ ತೋಟದಲ್ಲಿ ಏನು ಮಾಡಿದ್ದಾರೆಂದು ಹೇಳತೊಡಗಿದರು. ಅಲ್ಲಿ ತಂತಿಯ ಎರಡೂ ಬದಿ ಒಂದೊಂದು ಏಣಿಯುದ್ದದ ಜಾಗದಲ್ಲಿರುವ ಮರಗಳಿಗೆಲ್ಲ ಎದೆಯೆತ್ತರದಲ್ಲಿ ಕೆಂಪು ಪಟ್ಟೆ ಬಳಿದಿದ್ದಾರೆ. ಕೆಂಪು ಮರಗಳಿಗೆ ಫೈಬರ್ ಏಣಿ ಮಾತ್ರ. ಅಲ್ಲಿ ಕಿಲೋ ಲೆಕ್ಕ ಇಲ್ಲ, ದಿನಗೂಲಿ. ಕೊಯ್ಯುವ ದಿನ ಮುಂಚೆಯೇ ತಿಳಿಸಿ ಮೆಸ್ಕಾಂನಿಂದ ಲೈನ್ ಆಫ್ ಮಾಡಿಸಿಕೊಳ್ಳುತ್ತಾರೆ. ತಂತಿಯ ನೇರ ಕೆಳಗಿನ ಬಳ್ಳಿಗಳನ್ನು ಮೇಲಕ್ಕೆ ಹಬ್ಬಿಸುವುದನ್ನೇ ಬಿಟ್ಟಿದ್ದಾರೆ. ಅದನ್ನೆಲ್ಲ ಹೇಳಿಕೊಟ್ಟದ್ದು ಅಲ್ಲಿನ ಮೇಸ್ತ್ರಿ.

ಹಿರಿಯವ ಸ್ವಲ್ಪ ಹೊತ್ತು ಮರಗಳನ್ನು ಎಣಿಸಿದ. "ದಿನಗೂಲಿ ಆದ್ರೆ ಆಗ್ತದೆ" ಎಂದ. ಮಧ್ಯಾಹ್ನದೊಳಗೆ ಬಣ್ಣದ ಡಬ್ಬಿ ಬಂತು. ಇಬ್ಬರು ಏಣಿ ಹೊತ್ತ ಪ್ರಸಂಗ "ಸ್ವಲ್ಪದರಲ್ಲಿ ತಪ್ಪಿದ್ದು" ಪುಸ್ತಕದಲ್ಲಿ ದಾಖಲಾಯಿತು, ಅವರ ಹೆಸರಿಲ್ಲದೆ. ಹೆಸರು ಬರೆದು ದಂಡ ಹಾಕಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಆ ಪುಟ ಇವತ್ತು ಸಂಜೆ ಎಲ್ಲ ತೋಟಗಳ ಆಫೀಸಿಗೂ ಹೋಗುತ್ತದೆ. ದೊಡ್ಡ ಕಂಪನಿಯಲ್ಲಿ ಒಂದೇ ನಿಯಮ ಬೇಕೆನ್ನುವುದಕ್ಕೆ ನನಗೆ ಕಾಣುವ ನಿಜವಾದ ಕಾರಣ ಇದು: ಒಂದು ತೋಟ ಕಲಿತ ಪಾಠವನ್ನು ಪಕ್ಕದ ತೋಟ ಮತ್ತೊಬ್ಬನ ಜೀವ ತೆತ್ತು ಕಲಿಯುವಂತಾಗಬಾರದು.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಕಳಸದ ದಾರಿ ಹಿಡಿಯುತ್ತೀರಿ. ತಿರುವಿನ ಮೇಲೆ ತಿರುವು. ಎದುರಿಗೆ ನೀಲಿಯಾಗಿ ಕುದುರೆಮುಖದ ಸಾಲು. ಆ ಬೆಟ್ಟದಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಗಣಿಗೆ 1952ರ ಗಣಿ ಕಾಯ್ದೆ ಇತ್ತು, 1966ರ ವೃತ್ತಿ ತರಬೇತಿ ನಿಯಮಗಳಿದ್ದವು. ತರಬೇತಿ ಇಲ್ಲದವನನ್ನು ಕೆಲಸಕ್ಕೆ ಇಳಿಸುವಂತಿರಲಿಲ್ಲ. ಅದೇ ಕಣಿವೆಯ ಈ ಬದಿಯ ಕಾಫಿ ತೋಟದಲ್ಲಿ ನಿನ್ನೆ ರೈಲಿಳಿದು ಬಂದವನು ಇವತ್ತು ಮೂವತ್ತು ಅಡಿ ಏರುತ್ತಾನೆ. ಗಣಿ ಅಪಾಯದ ಜಾಗ, ತೋಟ ಹಸಿರು ಜಾಗ ಎಂಬ ನಮ್ಮ ಎಣಿಕೆ ಎಷ್ಟು ತಪ್ಪು.

ಕಳಸದ ಮೇಲಿನ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತಿದೆ. ನೀರು, ಸಿಪ್ಪೆ, ಲೋಳೆ. ನೆಲದ ಮೇಲೆ ಹೆಜ್ಜೆ ಹುಷಾರಾಗಿ ಇಡುತ್ತೀರಿ. ಬೆಲ್ಟಿನ ಕವಚ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಬೆಲ್ಟು ಜಾರುತ್ತಿದೆ, ಆಗಾಗ ಸರಿಮಾಡಬೇಕು, ಅದಕ್ಕೆ ಬಿಚ್ಚಿಟ್ಟದ್ದು. ಪಕ್ಕದಲ್ಲೇ ಹಣ್ಣು ಸುರಿಯುವ ಹೆಂಗಸಿನ ಸೆರಗು ಗಾಳಿಗೆ ಆಡುತ್ತಿದೆ. ಮೇಡಂ ಯಂತ್ರ ನಿಲ್ಲಿಸಲು ಹೇಳಿದರು. ಹೊಸ ಬೆಲ್ಟು ಬಂದು ಕವಚ ಕೂರುವವರೆಗೂ ಅದು ಓಡಲಿಲ್ಲ. ರೈಟರು ಒಣಮುಖ ಮಾಡಿದರು, ಹಣ್ಣು ಕಾದಿತು.

ಔಷಧಿ ಕೋಣೆಗೆ ಬೀಗ ಇದೆ, ಒಳಗೆ ಗಾಳಿಯೂ ಇದೆ. ಮೈಲುತುತ್ತ ಒಂದು ಕಡೆ, ಸುಣ್ಣ ಒಂದು ಕಡೆ. ಮೇ ಹೊತ್ತಿಗೆ ಇಲ್ಲಿ ಇವೆರಡನ್ನೂ ಸೇರಿಸಿ ಬೋರ್ಡೋ ದ್ರಾವಣ ಕಲಸುತ್ತಾರೆ. ಚಿಪ್ಪುಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಅದಕ್ಕೆ ಬಾಗಿಲ ಹೊರಗೆ ಕಣ್ಣು ತೊಳೆಯುವ ನಲ್ಲಿ ಹಾಕಿಸಿದ್ದಾರೆ. ಕೀಟನಾಶಕದ ಡಬ್ಬಿಯೊಂದನ್ನು ಮೇಡಂ ನಿಮ್ಮ ಮುಂದೆ ಹಿಡಿದರು. ಲೇಬಲ್ಲಿನಲ್ಲಿ ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿದರೂ ಕಷ್ಟ. ಪಕ್ಕದಲ್ಲಿ ಬಣ್ಣದ ತ್ರಿಕೋನವಿದೆ. ವಿಷದ ಮಟ್ಟಕ್ಕೆ ತಕ್ಕಂತೆ ಅದು ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು. ಕೆಂಪು ಎಂದರೆ ಅತಿ ವಿಷ. 1971ರ ಕೀಟನಾಶಕ ನಿಯಮಗಳಿಂದ ಬಂದ ಈ ಗುರುತು ಕನ್ನಡ, ಹಿಂದಿ, ಅಸ್ಸಾಮಿ ಯಾವುದೂ ಓದಲು ಬಾರದವರಿಗೂ ಅರ್ಥವಾಗುತ್ತದೆ. ಗೋಡೆಯ ಮೇಲೆ ಅದನ್ನು ಮೊರದಷ್ಟು ದೊಡ್ಡದಾಗಿ ಬರೆಸಿದ್ದಾರೆ. ಖಾಲಿ ಡಬ್ಬಿಗಳ ತಳಕ್ಕೆಲ್ಲ ಮೊಳೆಯಲ್ಲಿ ತೂತು ಹೊಡೆದಿದೆ, ಯಾರೂ ಕುಡಿಯುವ ನೀರು ತುಂಬಿಸದಿರಲೆಂದು.

ಇಲ್ಲಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಎರಡು ಗಂಟೆಗೂ ಮೀರಿದ ದಾರಿ. ಆಲ್ದೂರಿಗೆ ಬರೆದ ತುರ್ತು ನಿಯಮವನ್ನು ಹಾಗೇ ಇಲ್ಲಿಗೆ ತಂದರೆ ಅದು ಕೊಲ್ಲುತ್ತದೆ. ಉದಾಹರಣೆಗೆ ಹಾವು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಗುವ ವಿಷನಿವಾರಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಮಲಗುವ, ಮೂತಿ ಮೇಲಕ್ಕೆತ್ತಿದ ಸಣ್ಣ ಗುಳಿಮಂಡಲಕ್ಕೆ ಅದು ತಯಾರಾದದ್ದಲ್ಲ. ಹಾಗಾಗಿ ಈ ತೋಟದ ನಿಯಮ ಬೇರೆ: ಗಂಬೂಟು ಕಡ್ಡಾಯ, ಕೊಯ್ಯುವ ಮೊದಲು ಬುಡ ಕೋಲಿನಿಂದ ಕೆದಕಬೇಕು, ಕಡಿತ ಆದರೆ ಕಟ್ಟು ಬಿಗಿಯದೆ, ಕೊಯ್ಯದೆ, ನಡೆಸದೆ ಜೀಪಿಗೆ. ಆ ಜೀಪು ಕೊಯ್ಲಿನ ಹೊತ್ತಿನಲ್ಲಿ ತೋಟ ಬಿಟ್ಟು ಹೋಗುವಂತಿಲ್ಲ. ಮೇಲಿನ ಬ್ಲಾಕಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಬಂಡೆಯ ಹತ್ತಿರ. ಆ ಬಂಡೆಗೆ ಸುಣ್ಣ ಬಳಿದು 108 ಎಂದೂ ಜೀಪಿನವನ ನಂಬರೂ ಬರೆದಿದ್ದಾರೆ. ಹೆಡ್ಡಾಫೀಸಿನ ಕೈಪಿಡಿಯಲ್ಲಿ ಈ ಬಂಡೆ ಇಲ್ಲ, ಇರಬೇಕಾಗಿಯೂ ಇಲ್ಲ. ಗಾಯಾಳು ಇಷ್ಟು ಹೊತ್ತಿನೊಳಗೆ ಆಸ್ಪತ್ರೆ ದಾರಿ ಹಿಡಿದಿರಬೇಕು ಎಂಬುದು ಎಲ್ಲ ತೋಟಕ್ಕೂ ಒಂದೇ. ಹೇಗೆ ಎಂಬುದನ್ನು ಆಯಾ ಬೆಟ್ಟ ಬಲ್ಲವರು ಬರೆಯಲಿ.

ಸಂಜೆ ನಾಲ್ಕೂವರೆ. ತೂಕ ಮುಗಿಯಿತು. ಬೇಲಿಯಾಚೆ ಸಣ್ಣ ತೋಟವೊಂದಿದೆ, ಐದು ಎಕರೆಯೂ ಇಲ್ಲ. ಈ ಕಂಪನಿಯ ಆಳುಗಳೇ ಭಾನುವಾರ ಅಲ್ಲಿಗೆ ಮೆಣಸು ಕೊಯ್ಯಲು ಹೋಗುತ್ತಾರೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು 98 ಹತ್ತು ಹೆಕ್ಟೇರಿಗಿಂತ ಸಣ್ಣವು. 1951ರ ಕಾಯ್ದೆಯ ಕಾಲದಿಂದಲೂ ಸಣ್ಣ ತೋಟಗಳು ಕಾನೂನಿನ ಹೊರಗೇ ಉಳಿದಿವೆ, ಹೊಸ ಸಂಹಿತೆಗೂ ಐದು ಹೆಕ್ಟೇರು, ಹತ್ತು ಆಳು ಎಂಬ ಗಡಿಗಳಿವೆ. ತಂತಿಗೆ ಆ ಗಡಿ ತಿಳಿಯದು. ಸೋಮವಾರದಿಂದ ಶನಿವಾರದವರೆಗೆ ಫೈಬರ್ ಏಣಿ ಹತ್ತಿದವನು ಭಾನುವಾರ ಅಲ್ಯೂಮಿನಿಯಂ ಹತ್ತುತ್ತಾನೆ. ದೊಡ್ಡ ಕಂಪನಿಗಳು ಕೊಯ್ಲಿನ ಕಾಲದಲ್ಲಿ ತಮ್ಮ ಫೈಬರ್ ಏಣಿಯನ್ನು ಬೇಲಿಯಾಚೆಗೂ ಬಾಡಿಗೆಗೆ ಕೊಡಬೇಕು. ಬೆಳೆಗಾರರ ಸಂಘಗಳೂ ಕಾಫಿ ಬೋರ್ಡೂ ಹೋಬಳಿಗೆ ಕೆಲವಾದರೂ ಏಣಿ ತರಿಸಿ ಇಡಬೇಕು. ಪಲ್ಪರಿಗೆ, ಮೋಟಾರಿಗೆ ಸಹಾಯಧನ ಕೇಳುವ ನಾವು ಏಣಿಗೂ ಕೇಳೋಣ.

ಅಲ್ಲಿಯವರೆಗೆ, ತೋಟ ಇರುವ ಓದುಗರಲ್ಲಿ ಒಂದು ಮನವಿ. ಈ ಸಲ ಮೆಣಸಿಗೆ ಏಣಿ ಇಡುವ ಮೊದಲು ನಿಮ್ಮ ತೋಟದ ಮೇಲೆ ಹಾದುಹೋದ ತಂತಿಯ ಕೆಳಗೆ ಒಮ್ಮೆ ತಲೆಯೆತ್ತಿಕೊಂಡು ನಡೆಯಿರಿ, ಆ ಸಾಲಿನ ಮರಗಳಿಗೆ ಕೆಂಪು ಬಳಿಸಿ. ತಂತಿ ಜೋತಿದ್ದರೆ 1912ಕ್ಕೆ ಫೋನ್ ಮಾಡಿ, ಮೆಸ್ಕಾಂಗೆ ದೂರು ಬರೆಸಿ. ಅಲ್ಯೂಮಿನಿಯಂ ಏಣಿ ಆ ಸಾಲಿಗೆ ಹೋಗಲು ಬಿಡಬೇಡಿ.